ಉಜ್ಜುವ ಜಾಗ

ನನ್ನ ಕಾರಿನ ಹೊಟ್ಟೆಗೂ ಹಾಸನದ ನೆಲಕ್ಕೂ ನಡುವೆ
ಒಂದರ ಮೇಲೊಂದು ನಿಲ್ಲಿಸಿದ ಎರಡು ಬೆಂಕಿಪೊಟ್ಟಣ.
ಅಷ್ಟೇ ಸಂದು. ಅಷ್ಟರಲ್ಲೇ ದಿನಾ ಸಂಸಾರ.

ಸಾಲಗಾಮೆ ರಸ್ತೆಯ ಮನೆಯಿಂದ
ಬಿ.ಎಂ. ರಸ್ತೆಯ ಹಲ್ಲಿನ ಲ್ಯಾಬಿಗೆ
ಮೂರೂವರೆ ಕಿಲೋಮೀಟರು, ಹನ್ನೊಂದು ಹಂಪು.
ಹನ್ನೊಂದಕ್ಕೂ ಹೆಸರಿದೆ:
ಹಾಲಿನ ಬೂತಿನ ಗೂನಜ್ಜ,
ಕಾಲೇಜಿನ ಮುಂದಿನ ಅವಳಿ ಜವಳಿ,
ಕೌನ್ಸಿಲರ್ ಮನೆಯೆದುರು ಬಣ್ಣ ಬಳಿದುಕೊಂಡ ಗತ್ತಿನವಳು.
ಯಾರ ಮೇಲೂ ನೇರ ಹತ್ತುವಂತಿಲ್ಲ.
ಓರೆಯಾಗಿ, ಒಂದು ಚಕ್ರ, ಆಮೇಲೆ ಇನ್ನೊಂದು,
ಸೇರೊದೆಯಲು ಅಂಜಿದ ಮದುಮಗಳ ಹಾಗೆ.
ಹಿಂದೆ ಆಲೂಗಡ್ಡೆ ಹೇರಿದ ಆಪೆಯವನು
ಹಾರನ್ನಿಗೆ ಕೈಯೂರಿ ಕೇಳುತ್ತಾನೆ:
"ಏನಕ್ಕಾ, ಕಾರಿಗೆ ಮಂಡಿನೋವಾ?"

ತಮ್ಮನದಾ, ಯಜಮಾನರದಾ ಅನ್ನುತ್ತಾರೆ ಪೆಟ್ರೋಲ್ ಬಂಕಿನಲ್ಲಿ.
ನನ್ನದು. ಎರಡು ಸಾವಿರದ ಏಳರ ಸೀಡಿಯಾ,
ಕೆಂಪು ಎಂದು ಆರ್ಸಿ ಹೇಳುತ್ತದೆ, ಬಿಸಿಲು ಒಪ್ಪುವುದಿಲ್ಲ.
ಒಂಬತ್ತು ವರ್ಷ ಕಂಡವರ ಬಾಯಿಗೆ ಹಲ್ಲು ಕಟ್ಟಿ
ಕೂಡಿಸಿದ ದುಡ್ಡು.

ಅರಸೀಕೆರೆ ರಸ್ತೆಯ ಇಮ್ದಾದ್
ಸ್ಪ್ರಿಂಗು ಬದಲಿಸಿದ, ಅಗಲದ ಅಲಾಯ್ ತೊಡಿಸಿದ,
ಬಣ್ಣ ಬಿರಿಯದಂತೆ ಬಿಸಿಗಾಳಿ ಊದಿ
ಫೆಂಡರಿನ ಒಳಂಚನ್ನು
ಕರ್ಜಿಕಾಯಿಯ ಅಂಚಿನ ಹಾಗೆ ಮಡಿಸಿದ.
ಈಗ ಚಕ್ರಗಳ ತಲೆ ಒಳಕ್ಕೆ, ಪಾದ ಹೊರಕ್ಕೆ;
ತೊಡೆ ತಟ್ಟಿ ನಿಂತ ಪೈಲ್ವಾನರು.
ಟೈರಿನ ಹೆಗಲಿಗೆ ಸೀಮೆಸುಣ್ಣ ಬಳಿದು
"ಒಂದು ರೌಂಡು ಹೋಗ್ಬನ್ನಿ ಮೇಡಂ,
ಎಲ್ಲಿ ಅಳಿಸುತ್ತೋ ಅಲ್ಲಿ ಉಜ್ಜುತ್ತೆ" ಅಂದ.

ನಗು ಬಂತು. ನನ್ನ ಕೆಲಸವೂ ಅದೇ.
ನೀಲಿ ಕಾಗದ ಕಚ್ಚಿಸಿ ಡಾಕ್ಟರು ಕಳಿಸುವ ಹಲ್ಲುಸೆಟ್ಟು;
ಚುಕ್ಕೆ ಬಿದ್ದಲ್ಲಿ ಎತ್ತರ,
ಅಲ್ಲಿ ತೇಯಬೇಕು, ಕೂದಲೆಳೆಯಷ್ಟು.
ಮುದ್ದೆ ನುಂಗುವ ಊರಿಗೆ ಹಲ್ಲೇಕೆ ಎಂದು ಕೇಳಬೇಡಿ,
ನಗುವುದಕ್ಕೆ ಬೇಕು.

ಇಷ್ಟೆಲ್ಲ ಯಾಕೆ ಎಂದರೆ
ಬೇಲೂರು ರಸ್ತೆಯಲ್ಲೊಂದು ತಿರುವಿದೆ.
ಭಾನುವಾರ, ಬೆಳಿಗ್ಗೆ ಆರು, ಮೂರನೇ ಗೇರು.
ಕಾರು ಮೈ ವಾಲಿಸದೆ ತಿರುಗುವಾಗ
ಡಾಂಬರಿನ ಒಂದೊಂದು ಜಲ್ಲಿಯೂ
ಬೆನ್ನಿಗೆ ಬಂದು ತನ್ನ ಹೆಸರು ಹೇಳುತ್ತದೆ.
ಏಳು ಸೆಕೆಂಡು.
ಮಿಕ್ಕ ವಾರವೆಲ್ಲ ಬೆನ್ನುನೋವು.

ಕಳೆದ ಮಂಗಳವಾರ ಹನ್ನೆರಡನೆಯದು ಹುಟ್ಟಿತ್ತು.
ಅಂಗನವಾಡಿ ಮುಂದೆ, ರಾತ್ರೋರಾತ್ರಿ,
ಹಸಿ ಗೋಣಿ ಹೊದ್ದು ಮಲಗಿತ್ತು.
ಯಾರದೋ ಚೀಲ ಬಿದ್ದಿದೆ ಅಂದುಕೊಂಡೆ.
ಕರ್ರ್ ಎಂದದ್ದು ಬಂಪರೋ, ನನ್ನ ದವಡೆಯೋ.

ಸಿಮೆಂಟು ಮೆತ್ತಿದ ಕೈಯ ಜವರಪ್ಪ ಓಡಿಬಂದ.
"ನಾವೇ ಹಾಕಿದ್ದು ಕಣವ್ವಾ, ಕೇಳೀ ಕೇಳೀ ಸಾಕಾಗಿ.
ಮೊಮ್ಮಗಳ ಕಾಲ ಮೇಲೆ ಬೈಕು ಹೋಯ್ತು."
ಕುಕ್ಕರಗಾಲಲ್ಲಿ ಕೂತು, ಕಾರಿನಡಿ ಕೈ ತೂರಿಸಿ
ಗೇಣು ಹಾಕಿದ. ಗೇಣು ಹಿಡಿಯಲಿಲ್ಲ.
"ಇಷ್ಟು ತಗ್ಗಿಸ್ಕೊಂಡು ಯಾಕೆ ಓಡಿಸ್ತೀಯ?"
ಅದೇ ದನಿಯಲ್ಲಿ ನಾನು: "ಇಷ್ಟು ಎತ್ತರ ಯಾಕೆ ಹಾಕಿದ್ರಿ?"
ಎದುರುಮನೆ ಜಗುಲಿಯಲ್ಲಿ
ಪಟ್ಟಿ ಸುತ್ತಿದ ಕಾಲು ಸ್ಟೂಲಿಗೆ ಚಾಚಿದ ಹುಡುಗಿ
ಇಬ್ಬರನ್ನೂ ನೋಡುತ್ತಿದ್ದಳು.

ಗೋಣಿ ಸರಿಸಿದೆವು.
ಹಸಿ ಕಾಂಕ್ರೀಟಿನ ಮೇಲೆ ನನ್ನ ಬಂಪರಿನ ಕೆಂಪು ಗೀರು,
ಹಲ್ಲಿನ ಮೇಲಿನ ಚುಕ್ಕೆಯಷ್ಟು ಸ್ಪಷ್ಟ.
"ನೆತ್ತಿ ಹಾಗೇ ಇರಲಿ," ಅಂದೆ,
"ಎರಡೂ ಪಕ್ಕ ಇಳಿಜಾರು ಉದ್ದ ಎಳೀರಿ."
ಅವನು ಕರಣೆ ತಂದ. ಲ್ಯಾಬಿಗೆ ತಡವಾಯಿತು.

ಈಗಲೂ ಉಜ್ಜುತ್ತದೆ, ಒಂದು ಕೂದಲೆಳೆ.
ಅರ್ಧ ಬೆರಳು ಏರಿಸಲಾ ಅಂದ ಇಮ್ದಾದ್. ಬೇಡ ಅಂದೆ.
ಆ ಸದ್ದಿಗೇ ಕಾದವಳಂತೆ ಹುಡುಗಿ ಕತ್ತೆತ್ತಿ
ಚಕ್ರದ ಕಡ್ಡಿ ಎಣಿಸುತ್ತಾಳೆ, ಅಷ್ಟು ನಿಧಾನ ನಾನು.
ಒಂದು ದಿನ ಒಂಬತ್ತು ಅನ್ನುತ್ತಾಳೆ, ಇನ್ನೊಂದು ದಿನ ಹತ್ತು.
ಹನ್ನೆರಡನೆಯದಕ್ಕೆ ಇನ್ನೂ ಹೆಸರಿಟ್ಟಿಲ್ಲ.